ಬುಡ ನೋಡಿ, ಆಮೇಲೆ ಹೆಸರು ಓದಿ: ಹಳೆಯ ಚೈನ್ ಸಾ ಬಾರ್‌ಗಳ ಬಗ್ಗೆ ಒಂದಿಷ್ಟು ಮಾತು

(ಶಿವಮೊಗ್ಗದಲ್ಲಿ ಹಳೆಯ ವಸ್ತು ಕೂಡಿಡುವ ಕೆಲವು ಗೆಳೆಯರ ಮುಂದೆ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳು. ಬರೆಯುವಾಗ ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬಾಯಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಹಳೇ ನಾಣ್ಯ ತೋರಿಸಿದರು, ಹಿತ್ತಾಳೆ ದೀಪ ತೋರಿಸಿದರು. ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಜೋಡಿಸಿ ತೋರಿಸಿದರು. ನಾನು ತಂದದ್ದು ಗೋಣಿಚೀಲದಲ್ಲಿದೆ. ಬಿಚ್ಚಿದರೆ ನಿಮ್ಮ ಮೇಜಿಗೆ ಎಣ್ಣೆ ಹತ್ತುತ್ತದೆ, ಆದ್ದರಿಂದ ಕೆಳಗೆ ನೆಲದ ಮೇಲೇ ಇಡುತ್ತೇನೆ. ಕಾರ್ಯಕ್ರಮದ ಚೀಟಿಯಲ್ಲಿ "ಮರ ಕೊಯ್ಯುವ ಯಂತ್ರಗಳ ಸಂಗ್ರಹ" ಅಂತ ಅಚ್ಚಾಗಿದೆ. ಒಂದು ತಿದ್ದುಪಡಿ ಇದೆ. ನನ್ನ ಹತ್ತಿರ ಯಂತ್ರಗಳಿಲ್ಲ. ಯಂತ್ರದ ಮುಂದೆ ಚಾಚಿಕೊಂಡಿರುತ್ತದಲ್ಲ, ಉದ್ದನೆಯ ಉಕ್ಕಿನ ಪಟ್ಟಿ, ಅದು ಮಾತ್ರ ಇದೆ. ನಲವತ್ತು ಚಿಲ್ಲರೆ. ಮನೆಯವರು ಹೇಳುವ ಪ್ರಕಾರ ನಲವತ್ತು ಜಾಸ್ತಿಯಾಯಿತು.

ನಮ್ಮ ಕಡೆ ಇದನ್ನು ಬ್ಲೇಡ್ ಅನ್ನುವವರಿದ್ದಾರೆ, ಪ್ಲೇಟ್ ಅನ್ನುವವರಿದ್ದಾರೆ, ಬಾರ್ ಅನ್ನುವವರೂ ಇದ್ದಾರೆ. ಬ್ಲೇಡ್ ಅನ್ನುವುದು ಸರಿಯಲ್ಲ, ಯಾಕೆಂದರೆ ಇದು ಏನನ್ನೂ ಕೊಯ್ಯುವುದಿಲ್ಲ. ಕೊಯ್ಯುವುದು ಚೈನು. ಇದು ಚೈನಿಗೆ ದಾರಿ. ಇದರ ಅಂಚನ್ನು ನೋಡಿ, ಸುತ್ತಲೂ ಒಂದು ಸಣ್ಣ ಕಾಲುವೆ ಕೊರೆದಿದ್ದಾರೆ. ಕಾಲುವೆಗೆ ಎರಡು ದಂಡೆ. ಚೈನಿನ ಒಳಮೈಯಲ್ಲಿ ಚಿಕ್ಕ ಚಿಕ್ಕ ನಾಲಿಗೆಗಳಿರುತ್ತವೆ, ಅವು ಕಾಲುವೆಗೆ ಇಳಿದು ಓಡುತ್ತವೆ. ಎಣ್ಣೆಯೂ ಅದೇ ಕಾಲುವೆಯಲ್ಲಿ ಹೋಗುತ್ತದೆ. ಅಡಿಕೆ ತೋಟ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ದಂಡೆ ಒಂದು ಕಡೆ ಕುಸಿದರೆ ನೀರು ಯಾವ ಕಡೆ ನುಗ್ಗುತ್ತದೆ ಅಂತ ನಿಮಗೆ ಗೊತ್ತು. ಇಲ್ಲೂ ಹಾಗೇ. ಒಂದು ದಂಡೆ ಹೆಚ್ಚು ಸವೆದರೆ ಚೈನು ಆ ಕಡೆ ವಾಲುತ್ತದೆ, ದಿಮ್ಮಿಯಲ್ಲಿ ಕೊಯ್ತ ಬಾಳೆಕಾಯಿ ಹಾಗೆ ಬಾಗುತ್ತದೆ.

ಹಳೆಯ ಯಂತ್ರ ಕೂಡಿಡುವವರು ಬೇಕಾದಷ್ಟು ಜನ ಇದ್ದಾರೆ. ಇಂಜಿನ್ನಿಗೆ ಬಣ್ಣ ಬಳಿದು ಶೋಕೇಸಿನಲ್ಲಿಡುತ್ತಾರೆ. ಬಾರ್ ಮಾತ್ರ ಯಾರಿಗೂ ಬೇಡ. ಸವೆದ ಟೈರಿಗೆ ಏನು ಮರ್ಯಾದೆಯೋ ಇದಕ್ಕೂ ಅದೇ. ಒಂದು ಯಂತ್ರದ ಜೀವಮಾನದಲ್ಲಿ ಹಲವು ಬಾರ್ ಸವೆದು ಗುಜರಿಗೆ ಹೋಗುತ್ತವೆ. ಹಾಗಾಗಿ ಉಳಿದುಕೊಂಡಿರುವ ಹಳೆಯ ಬಾರ್ ಯಾವುದೇ ಆಗಲಿ, ಅದು ಬೇರೆ ಏನೋ ಕೆಲಸಕ್ಕೆ ಸೇರಿಕೊಂಡು ಬದುಕಿರುತ್ತದೆ.

ನನ್ನ ಮೊದಲನೆಯದು ಹಾಗೇ ಸಿಕ್ಕಿದ್ದು. ತೀರ್ಥಹಳ್ಳಿ ಕಡೆ ಮಾವನ ಮನೆ. ಕೊಟ್ಟಿಗೆ ಬಾಗಿಲಿಗೆ ಅಗಳಿಯಾಗಿ ಒಂದು ಕಬ್ಬಿಣದ ಪಟ್ಟಿ. ಮೂರು ಅಡಿ ಮೇಲೆ ಉದ್ದ. ರಾತ್ರಿ ಅಡ್ಡ ಹಾಕಿದರೆ ಹುಲಿ ಬಂದರೂ ಅಲ್ಲಾಡುವುದಿಲ್ಲ ಅನ್ನುತ್ತಿದ್ದರು. ನಾನು ಅದನ್ನು ಎಷ್ಟೋ ಸಲ ಎತ್ತಿ ಹಾಕಿದ್ದೇನೆ, ಏನು ಅಂತ ಕೇಳಿರಲಿಲ್ಲ. ಒಂದು ದಿನ ಬಿಸಿಲು ಓರೆಯಾಗಿ ಬಿದ್ದಾಗ ಅಂಚಿನ ಕಾಲುವೆ ಕಂಡಿತು. ಸಗಣಿ ತುಂಬಿಕೊಂಡಿತ್ತು.

"ಮಾವ, ಇದು ಚೈನ್ ಸಾ ಬಾರ್ ಅಲ್ದಾ?"

"ಹೌದು ಮಾರಾಯ. ಮಿಷನ್ನು ಯಾವತ್ತೋ ಹೋಯ್ತು. ಇದೊಂದು ಗಟ್ಟಿ ಇತ್ತು, ಇಟ್ಕಂಡೆ."

ಅದರ ಮೂಗಿನ ಹತ್ತಿರ, ಅಂದರೆ ಹೊರ ತುದಿಯಲ್ಲಿ, ದುಂಡನೆಯ ತೂತುಗಳಿದ್ದವು. ಅಗಳಿಗೆ ಬೇಕು ಅಂತ ಯಾರೋ ಕೊರೆಸಿದ್ದಾರೆ ಅಂತ ನಾನು ಬಹಳ ದಿನ ನಂಬಿದ್ದೆ. ತೂತಿನ ಅಂಚು ಮಾತ್ರ ಕಾರ್ಖಾನೆಯಲ್ಲಿ ಮಾಡಿದ ಹಾಗೆ ನುಣುಪು. ಆಮೇಲೆ ತಿಳಿಯಿತು. ಅದು ಇಬ್ಬರು ಹಿಡಿಯುವ ಯಂತ್ರದ ಬಾರ್. ಇಂಜಿನ್ ಒಬ್ಬನ ಕೈಯಲ್ಲಿ. ಆಚೆ ತುದಿಯಲ್ಲಿ ಒಂದು ಹಿಡಿಕೆ, ಅದನ್ನು ಹಿಡಿದು ಇನ್ನೊಬ್ಬ ನಡೆಯಬೇಕು. ಆ ಹಿಡಿಕೆಯ ಬೋಲ್ಟಿಗೆ ಬಿಟ್ಟ ತೂತು. ನಮ್ಮ ಜೋಡಿ ಗರಗಸದ ಲೆಕ್ಕವೇ, ಮಧ್ಯೆ ಒಂದು ಇಂಜಿನ್ ಬಂದು ಕೂತಿದೆ. ಎಲ್ಲೇ ಉದ್ದದ ಬಾರ್ ಕಂಡರೂ ಮೊದಲು ಮೂಗಿನ ಹತ್ತಿರ ಇಂಥ ತೂತು ಇದೆಯಾ ಅಂತ ನೋಡಿ. ಇದ್ದರೆ ಬೆಲೆ ಕೇಳುವ ಮೊದಲು ಮುಖದಲ್ಲಿ ಖುಷಿ ತೋರಿಸಬೇಡಿ.

ಈಗ ಗುರುತು ಹಿಡಿಯುವ ವಿಷಯ. ಇದಕ್ಕೇ ಹೆಚ್ಚು ಹೊತ್ತು ತಗೊಳ್ಳುತ್ತೇನೆ.

ಹೊಸಬರು ಬಾರ್ ಕೈಗೆ ಬಂದ ಕೂಡಲೇ ನಡುವಿನಲ್ಲಿ ದೊಡ್ಡದಾಗಿ ಬರೆದ ಹೆಸರು ಓದುತ್ತಾರೆ. ಆ ಬಣ್ಣದ ಹೆಸರು ಒಂದು ಮಳೆಗಾಲದಲ್ಲಿ, ನಾಲ್ಕು ಹಸಿ ಮರದಲ್ಲಿ ಉಜ್ಜಿಹೋಗುತ್ತದೆ. ಉಳಿದಿದ್ದರೂ ಅದು ಬಾರ್ ಮಾಡಿದವರ ಹೆಸರು, ಯಂತ್ರದ್ದಲ್ಲ. ಆರೆಗಾನ್, ವಿಂಡ್ಸರ್, ಆಸ್ಟ್ರೇಲಿಯಾದ ಜಿಬಿ, ಕೆನಡಾದ ಕ್ಯಾನನ್, ಜಪಾನಿನ ಸುಗಿಹಾರ, ತ್ಸುಮುರ, ಇವರೆಲ್ಲ ಬೇರೆಯವರ ಯಂತ್ರಕ್ಕೆ ಬಾರ್ ಮಾಡಿಕೊಟ್ಟವರು. ಯಂತ್ರವನ್ನೂ ಮಾಡುವ ಜರ್ಮನಿಯ ಸ್ಟಿಲ್ ಕಂಪನಿ ಥರದವರು ತಮ್ಮ ಯಂತ್ರಕ್ಕೆ ತಾವೇ ಮಾಡಿಕೊಂಡರು. ಹಾಗಾಗಿ ಆರೆಗಾನ್ ಅಂತ ಓದಿ "ಇದು ಆರೆಗಾನ್ ಮಿಷನ್ನಿಂದು" ಅಂದರೆ ಎಂಆರ್‌ಎಫ್ ಟೈರು ನೋಡಿ "ಇದು ಎಂಆರ್‌ಎಫ್ ಕಾರು" ಅಂದಷ್ಟೇ ಸರಿ.

ಯಂತ್ರ ಯಾವುದು ಅಂತ ಹೇಳುವುದು ಬುಡ. ಇಂಜಿನ್ನಿನ ಪಕ್ಕದ ಮುಚ್ಚಳದೊಳಗೆ ಸೇರಿಕೊಳ್ಳುತ್ತದಲ್ಲ, ಆ ಒಂದು ಗೇಣು ಜಾಗ. ಅಲ್ಲಿ ಮೂರು ಥರದ ತೂತು. ನಡುವಿನಲ್ಲಿ ಹಿಂದಕ್ಕೆ ಬಾಯಿಬಿಟ್ಟ ಉದ್ದನೆಯ ಸೀಳು, ಇದರಲ್ಲಿ ಯಂತ್ರದ ಬೋಲ್ಟು ಕೂರುತ್ತದೆ. ಅದರ ಮೇಲೊಂದು ಕೆಳಗೊಂದು ದುಂಡು ತೂತು, ಚೈನು ಬಿಗಿ ಮಾಡುವ ಪಿನ್ನಿಗೆ. ಇನ್ನೆರಡು ಸಣ್ಣವು ಎಣ್ಣೆಗೆ. ಈ ಮೂರರ ಅಳತೆ ಮತ್ತು ಒಂದರಿಂದ ಒಂದಕ್ಕೆ ಇರುವ ದೂರ, ಇವೇ ಬಾರಿನ ಜಾತಕ. ಒಂದೊಂದು ಯಂತ್ರದ ಮನೆತನಕ್ಕೆ ಒಂದೊಂದು ಥರ. ಸ್ಟಿಲ್‌ನ ದೊಡ್ಡ ಯಂತ್ರಗಳ ಸೀಳು 12 ಮಿಲಿಮೀಟರ್, ಚಿಕ್ಕವುಗಳದ್ದು 8. ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿಯ ದೊಡ್ಡವುಗಳದ್ದು ಸುಮಾರು 9, ಚಿಕ್ಕವುಗಳದ್ದು 8. ನೀವು ಜೇಬಿನಲ್ಲಿ ಒಂದು ವರ್ನಿಯರ್ ಇಟ್ಟುಕೊಂಡರೆ ಅರ್ಧ ಕೆಲಸ ಗುಜರಿ ಅಂಗಡಿಯ ಬಾಗಿಲಲ್ಲೇ ಮುಗಿಯುತ್ತದೆ.

ತೂತುಗಳು ಯಾಕೆ ಜೋಡಿ ಜೋಡಿ ಇವೆ? ಬಾರನ್ನು ಆಗಾಗ ತಲೆಕೆಳಗು ಮಾಡಿ ಹಾಕಲಿ ಅಂತ. ಒಂದೇ ಅಂಚು ದುಡಿದರೆ ಒಂದೇ ಅಂಚು ಸವೆಯುತ್ತದೆ. ಹೀಗೆ ತಿರುಗಿಸಿ ಬಳಸಿದ ಬಾರಿನ ಎರಡೂ ದಂಡೆಗಳು ಸಮವಾಗಿ ತೆಳುವಾಗಿರುತ್ತವೆ. ತಿರುಗಿಸದೆ ಬಳಸಿದ್ದರೆ ಕೆಳಗಿನದ್ದು ಮಾತ್ರ ಹೋಗಿರುತ್ತದೆ, ಮೇಲಿನದ್ದು ಹೊಸದರ ಹಾಗೆ. ಯಂತ್ರ ಹಿಡಿದಿದ್ದವನು ಕೆಲಸ ಬಲ್ಲವನೋ, ಮಾಲೀಕ ಬರುವಾಗ ಮಾತ್ರ ಚುರುಕಾಗುತ್ತಿದ್ದವನೋ, ಅಂಚು ಮುಟ್ಟಿದರೆ ಗೊತ್ತಾಗುತ್ತದೆ.

ಬುಡದಲ್ಲಿ ಅಂಕಿಗಳೂ ಇರುತ್ತವೆ. ಸ್ಟಿಲ್ ಬಾರಿನ ಭಾಗ ಸಂಖ್ಯೆ 3003 ಅಂತ ಶುರುವಾದರೆ ದೊಡ್ಡ ಬುಡ, 3005 ಆದರೆ ಚಿಕ್ಕದು. ಆರೆಗಾನ್ ಲೆಕ್ಕ ಇನ್ನೂ ಸಲೀಸು. ಸಂಕೇತದ ಮೊದಲ ಎರಡು ಅಂಕಿ ಉದ್ದ, ಇಂಚಿನಲ್ಲಿ. ಮೂರನೆಯ ಅಂಕಿ ಕಾಲುವೆಯ ಅಗಲ: 0 ಇದ್ದರೆ .050 ಇಂಚು, 8 ಇದ್ದರೆ .058, 3 ಇದ್ದರೆ .063. ಕೊನೆಯಲ್ಲಿ ಬರುವ ಅಕ್ಷರ ಮತ್ತು ಮೂರು ಅಂಕಿ ಬುಡದ ನಮೂನೆ. ಡಿ009 ಅಂದರೆ ದೊಡ್ಡ ಹಸ್ಕ್‌ವರ್ನಾ, ಡಿ025 ಅಂದರೆ ಸ್ಟಿಲ್. ಈ ಸಾಲು ಬಾಯಿಪಾಠ ಮಾಡಿಕೊಂಡರೆ ಅಂಗಡಿಯವನಿಗಿಂತ ನೀವು ಒಂದು ಹೆಜ್ಜೆ ಮುಂದೆ.

ಬುಡವನ್ನು ಯಾಕೆ ಇಷ್ಟು ನಂಬುತ್ತೇನೆ ಅಂದರೆ ಅದು ಸವೆಯುವುದಿಲ್ಲ. ಮುಚ್ಚಳದೊಳಗೆ, ಎಣ್ಣೆ ಮೆತ್ತಿದ ಹೊಟ್ಟಿನಡಿ ಬೆಚ್ಚಗೆ ಕೂತಿರುತ್ತದೆ. ಮೂಗು ಮಣ್ಣು ಕಚ್ಚಿದಾಗಲೂ, ನಡು ಮರದೊಳಗೆ ಸಿಕ್ಕಿ ಬಾಗಿದಾಗಲೂ ಬುಡಕ್ಕೆ ಏನೂ ಆಗುವುದಿಲ್ಲ. ಕಾಲುವೆಯ ಅಗಲ ಅಳೆಯುವುದಿದ್ದರೂ ಬುಡದ ಹತ್ತಿರವೇ ಅಳೆಯಿರಿ, ಮುಂದೆ ದಂಡೆ ಹಿಗ್ಗಿರುತ್ತದೆ. ಅಳೆಯುವುದಕ್ಕೆ ದುಬಾರಿ ಸಾಮಾನು ಬೇಡ. ಡ್ರಿಲ್ ಬಿಟ್‌ಗಳ ಹಿಂಬದಿ ಸಾಕು: 1.3, 1.5, 1.6 ಮಿಲಿಮೀಟರ್. ಯಾವುದು ಅಲ್ಲಾಡದೆ ಇಳಿಯುತ್ತದೋ ಅದು. ಅದಕ್ಕೂ ಅಗಲವಾಗಿದ್ದರೆ ಬಾರ್ ತುಂಬ ಹಳೆಯದಿರಬೇಕು, ಇಲ್ಲವೇ ಕಾಡಿನಲ್ಲಿ ಟ್ರ್ಯಾಕ್ಟರ್ ಗಾತ್ರದ ಯಂತ್ರಕ್ಕೆ ಹಾಕುವಂಥದ್ದಿರಬೇಕು.

ಪಿಚ್ ಬಗ್ಗೆ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೇನೆ. ಚೈನಿನ ಅಕ್ಕಪಕ್ಕದ ಮೂರು ರಿವೆಟ್‌ಗಳ ದೂರ ಅಳೆದು ಅರ್ಧ ಮಾಡಿದರೆ ಬರುವುದು ಪಿಚ್. ಈಗ ಹೆಚ್ಚು ಕಾಣುವುದು .325 ಮತ್ತು 3/8 ಇಂಚು, ದೊಡ್ಡ ಯಂತ್ರಕ್ಕೆ .404. ಹಳೆಯವುಗಳಲ್ಲಿ 7/16, 1/2, ಇನ್ನೂ ಮೇಲಿನದೂ ಇತ್ತು. ಆದರೆ ಬಾರಿಗೆ ಪಿಚ್ ಇರುತ್ತದಾ? ಮೂಗಿನಲ್ಲಿ ಹಲ್ಲಿನ ಚಕ್ರ ಇದ್ದರೆ ಮಾತ್ರ ಇರುತ್ತದೆ, ಯಾಕೆಂದರೆ ಆ ಹಲ್ಲು ಚೈನಿನ ಸಂದಿಗೆ ಸರಿಯಾಗಿ ಕೂರಬೇಕು. ಮೂಗು ಗಟ್ಟಿ ಉಕ್ಕಿನದ್ದಾದರೆ ಅದಕ್ಕೆ ಯಾವ ಪಿಚ್ ಆದರೂ ಒಂದೇ, ಕಾಲುವೆಯ ಅಗಲ ಹೊಂದಿದರೆ ಸಾಕು. ಗಟ್ಟಿ ಮೂಗಿನ ಬಾರ್ ತೋರಿಸಿ "ಇದು .404 ಪಿಚ್ಚಿನ ಅಪರೂಪದ ಮಾಲು" ಅಂತ ಯಾರಾದರೂ ಬೆಲೆ ಏರಿಸಿದರೆ ನಗುನಗುತ್ತ ಕೆಳಗಿಟ್ಟು ಬನ್ನಿ.

ಮೂಗಿನ ಮಾತು ಬಂತು. ಮೂರು ಬಗೆ. ಗಟ್ಟಿ ಮೂಗು, ಉರುಳೆ ಮೂಗು, ಹಲ್ಲಿನ ಚಕ್ರದ ಮೂಗು. ಗಟ್ಟಿ ಮೂಗಿನ ಅಂಚಿಗೆ ಸ್ಟೆಲೈಟ್ ಅನ್ನುವ ಮಿಶ್ರಲೋಹದ ಲೇಪ ಕೊಟ್ಟಿರುತ್ತಾರೆ. ಅದು ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿದ್ದು, ಬಿಸಿಗೆ ಮೆತ್ತಗಾಗುವುದಿಲ್ಲ. ಓರೆ ಬೆಳಕಿನಲ್ಲಿ ಹಿಡಿದರೆ ಮೂಗಿನ ಸುತ್ತ ಬೇರೆ ಬಣ್ಣದ ಒಂದು ಗೆರೆ ಕಾಣುತ್ತದೆ, ಸೀರೆಯ ಅಂಚು ಹೊಲಿದ ಹಾಗೆ. ಮಣ್ಣು, ಮರಳು ಇರುವ ಕಡೆ ಇದೇ ಬಾಳಿಕೆ ಬರುವುದು. ಚಕ್ರದ ಮೂಗಿನೊಳಗೆ ಮಣ್ಣು ಹೊಕ್ಕರೆ ಬೇರಿಂಗ್ ಹೋಯಿತು. ಕೆಲವು ಚಕ್ರದ ಮೂಗುಗಳನ್ನು ರಿವೆಟ್ ಬಿಚ್ಚಿ ಬದಲಾಯಿಸಬಹುದು. ಹಾಗಾಗಿ ಮೂಗು ನೋಡಿ ಕಾಲ ಹೇಳಬೇಡಿ, ಹಳೆಯ ಮೈಗೆ ಹೊಸ ಮೂಗು ಇರಬಹುದು.

ಬಿಲ್ಲಿನ ಹಾಗೆ ಬಾಗಿದ, ನಡುವೆ ಟೊಳ್ಳಿರುವ ಬಾರ್ ಕೂಡ ಇದೆ. ಅಮೆರಿಕದ ದಕ್ಷಿಣದಲ್ಲಿ ಕಾಗದದ ಕಾರ್ಖಾನೆಗೆ ಸಣ್ಣ ಮರ ತುಂಡು ಮಾಡಲು ಬಳಸುತ್ತಿದ್ದರು. ನನಗೆ ಇಲ್ಲಿ ಒಂದೂ ಸಿಕ್ಕಿಲ್ಲ.

ಕಾಲ ಹೇಗೆ ಹೇಳುವುದು? ಇಸವಿ ಯಾರೂ ಕೊರೆದಿಡುವುದಿಲ್ಲ. ಸುತ್ತಿ ಬಳಸಿ ಹೋಗಬೇಕು. ಜರ್ಮನ್ ಬಾರಿನ ಮೇಲೆ "ಪಶ್ಚಿಮ ಜರ್ಮನಿ" ಅಂತ ಇದ್ದರೆ ಅದು 1949ರಿಂದ 1990ರ ಒಳಗಿನದ್ದು, ಆ ದೇಶ ಇದ್ದದ್ದೇ ಅಷ್ಟು ದಿನ. ಆರೆಗಾನ್ ಜೊತೆಗೆ "ಓಮಾರ್ಕ್" ಅನ್ನುವ ಹೆಸರಿದ್ದರೆ ಹೆಚ್ಚಾಗಿ 1985ಕ್ಕಿಂತ ಹಿಂದಿನದ್ದು. ಆ ವರ್ಷ ಓಮಾರ್ಕನ್ನು ಬ್ಲೌಂಟ್ ಕಂಪನಿ ಕೊಂಡುಕೊಂಡಿತು. ಪೇಟೆಂಟ್ ಸಂಖ್ಯೆ ಕೊರೆದಿದ್ದರೆ ಅದಕ್ಕಿಂತ ಹಿಂದಕ್ಕೆ ಹೋಗಲು ಸಾಧ್ಯವಿಲ್ಲ, ಅಷ್ಟಾದರೂ ಗಟ್ಟಿ.

ಇದಕ್ಕೆ ಯಂತ್ರದ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ ಚೈನ್ ಸಾ ಮಾಡಿದ, 1929ರಲ್ಲಿ ಪೆಟ್ರೋಲಿನದ್ದು. ನಡುವೆ 1927ರಲ್ಲಿ ಎಮಿಲ್ ಲೆರ್ಪ್ ಅನ್ನುವವನು ತನ್ನ ಯಂತ್ರವನ್ನು ಡೋಲ್ಮಾರ್ ಅನ್ನುವ ಗುಡ್ಡದ ಮೇಲೆ ಪರೀಕ್ಷೆ ಮಾಡಿ, ಕಂಪನಿಗೆ ಗುಡ್ಡದ ಹೆಸರೇ ಇಟ್ಟ. ನಮ್ಮಲ್ಲಿ ಯಾರಾದರೂ ಮಾಡಿದ್ದರೆ ಕುಂದಾದ್ರಿ ಮಾರ್ಕ್ ಗರಗಸ ಅಂತ ಇರುತ್ತಿತ್ತೇನೋ. ಅವೆಲ್ಲ ಇಬ್ಬರು ಹೊರುವ ಭಾರದವು. 1949ರಲ್ಲಿ ಮೆಕಲಕ್ 3-25 ಬಂತು, 25 ಪೌಂಡ್, ಅಂದರೆ ಹನ್ನೊಂದು ಕಿಲೋ ಚಿಲ್ಲರೆ. ಒಬ್ಬನೇ ಹಿಡಿಯಬಹುದು. ಈ ಮೆಕಲಕ್ ಕಂಪನಿಯ ಯಜಮಾನನೇ 1968ರಲ್ಲಿ ಲಂಡನ್ನಿನ ಹಳೇ ಸೇತುವೆಯನ್ನು ಕೊಂಡುಕೊಂಡು, ಕಲ್ಲು ಕಲ್ಲು ಬಿಚ್ಚಿಸಿ, ಅಮೆರಿಕದ ಅರಿಜೋನಾದ ಮರಳುಗಾಡಿನಲ್ಲಿ ಕಟ್ಟಿಸಿದ್ದು. ಸಂಗ್ರಹದ ಹುಚ್ಚು ಅಂದರೆ ಅದು. ನಲವತ್ತು ಬಾರ್ ಜಾಸ್ತಿಯಾಯಿತು ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

1959ರಲ್ಲಿ ಸ್ಟಿಲ್ ಕಾಂಟ್ರಾ ಬಂತು. ಗೇರ್ ಇಲ್ಲ, ಇಂಜಿನ್ನು ನೇರವಾಗಿ ಚೈನನ್ನು ಓಡಿಸುತ್ತದೆ. ಚೈನಿನ ವೇಗ ಏರಿತು. ವೇಗ ಏರಿದರೆ ಬಿಸಿಯೂ ಏರುತ್ತದೆ. ಬಾರಿನ ದಂಡೆಗೆ, ಮೂಗಿಗೆ ಇಲ್ಲದ ಪರೀಕ್ಷೆ ಶುರುವಾಯಿತು. ಅದೇ ವಂಶದ 070, 090 ಯಂತ್ರಗಳನ್ನು ಮಲೆನಾಡಿನ ಹಿರಿಯ ಕೆಲಸಗಾರರು ಈಗಲೂ ನೆನೆಸಿಕೊಳ್ಳುತ್ತಾರೆ. ಸದ್ದು, ಭಾರ, ಸಂಜೆ ಹೊತ್ತಿಗೆ ಮರಗಟ್ಟಿದ ಕೈಬೆರಳು, ಎಲ್ಲವನ್ನೂ.

ಆದರೆ ಬಾರಿನ ಚರಿತ್ರೆಯನ್ನು ಎರಡು ಭಾಗ ಮಾಡಿದ್ದು ಇಂಜಿನ್ ಅಲ್ಲ, ಒಂದು ಹುಳು. ಮೊದಲ ಕಾಲದ ಚೈನಿನ ಹಲ್ಲು ನಮ್ಮ ಅಡ್ಡಗರಗಸದ ಹಲ್ಲಿನ ಹಾಗಿತ್ತು, ಕೆರೆದು ಕೆರೆದು ಹೋಗುತ್ತಿತ್ತು. ಆಗಾಗ ಅರ ಹಾಕಬೇಕು. ಜೋಸೆಫ್ ಕಾಕ್ಸ್ ಅನ್ನುವ ಮರ ಕಡಿಯುವವನು 1946ರಲ್ಲಿ ಒಂದು ಮರದ ಬೊಡ್ಡೆಯಲ್ಲಿ ದುಂಬಿಯ ಮರಿಹುಳು ನೋಡಿದ. ತೋರುಬೆರಳು ಗಾತ್ರದ ಹುಳು. ಅದು ಮರವನ್ನು ಕೆರೆಯುತ್ತಿರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸಿ ಚಕ್ಕೆ ಎಬ್ಬಿಸುತ್ತ ಹೋಗುತ್ತಿತ್ತು. ಅದೇ ದವಡೆಯ ಹಾಗೆ ಎಡ ಬಲ ಬಾಗಿದ ಹಲ್ಲಿನ ಚೈನು ಮಾಡಿ 1947ರಲ್ಲಿ ಮಾರಲು ಶುರು ಮಾಡಿದ. ಇವತ್ತು ನಿಮ್ಮೂರಲ್ಲಿ ಓಡುವ ಎಲ್ಲ ಚೈನೂ ಅದರ ಮಕ್ಕಳು ಮೊಮ್ಮಕ್ಕಳು. ಆರೆಗಾನ್ ಕಂಪನಿ ಹುಟ್ಟಿದ್ದೂ ಅಲ್ಲಿಂದಲೇ.

ಇಲ್ಲಿ ಕಾಫಿ ಬೆಳೆಯುವವರು ಇದ್ದೀರಿ. ನಿಮಗೆ ವರ್ಷ ವರ್ಷ ನಿದ್ದೆಗೆಡಿಸುವ ಬಿಳಿ ಕಾಂಡಕೊರಕ ಇದೆಯಲ್ಲ, ಮಾವಿನ ಮರ ಕೊರೆಯುವ ಹುಳು ಇದೆಯಲ್ಲ, ಅವು ಕಾಕ್ಸ್ ನೋಡಿದ ಹುಳುವಿನ ಕುಟುಂಬಕ್ಕೇ ಸೇರಿದವು. ಅದೇ ಉದ್ದ ಮೀಸೆಯ ದುಂಬಿಗಳ ಜಾತಿ. ನಾವು ಗಿಡ ಕಿತ್ತು ಸುಟ್ಟು ಹುಳು ಸಾಯಿಸಿದೆವು. ಅವನು ಅದರ ಬಾಯಿ ನೋಡುತ್ತ ಕೂತ.

ಮಲೆನಾಡಿನಲ್ಲಿ ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಎಲ್ಲಿ ಮರ ಬಿತ್ತು ಅನ್ನುವುದನ್ನು ನೋಡಬೇಕು. ಭದ್ರಾವತಿಯ ಕಬ್ಬಿಣದ ಕುಲುಮೆ 1923ರಲ್ಲಿ ಹೊತ್ತಿಕೊಂಡಾಗ ಅದಕ್ಕೆ ಹಾಕಿದ್ದು ನಮ್ಮ ಕಾಡಿನ ಇದ್ದಿಲು. ಆ ಮರ ಬಿದ್ದದ್ದು ಕೊಡಲಿಗೆ, ಜೋಡಿ ಗರಗಸಕ್ಕೆ. ಆಗಿನ್ನೂ ಸ್ಟಿಲ್ ತನ್ನ ಮೊದಲ ಯಂತ್ರ ಮಾಡಿರಲಿಲ್ಲ. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಊರುಗಳ ಜೊತೆ ಕಾಡೂ ಮುಳುಗಿತು. ಸಕ್ರೆಬೈಲಿನ ಆನೆಗಳು ಈಗ ಪ್ರವಾಸಿಗರ ಎದುರು ಸ್ನಾನ ಮಾಡುತ್ತವೆ, ಅವುಗಳ ಹಿಂದಿನ ತಲೆಮಾರು ನಾಟಾ ಎಳೆಯುತ್ತಿತ್ತು. ಆನೆ, ಜೋಡಿ ಗರಗಸ, ಪೆಟ್ರೋಲ್ ಯಂತ್ರ, ಈ ಮೂರನ್ನೂ ಒಂದೇ ಜೀವಮಾನದಲ್ಲಿ ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಗೆ ಹೋಗಿ. ಹೋಗುವಾಗ ಬಾರ್ ಕೇಳುವುದಕ್ಕೆ ಹೋಗಬೇಡಿ, ಕವಳ ಹಾಕುತ್ತ ಕೂರುವುದಕ್ಕೆ ಹೋಗಿ. ಮೂರನೆಯ ಸಲ ಅವರೇ ಅಟ್ಟಕ್ಕೆ ಏಣಿ ಹಾಕುತ್ತಾರೆ.

ಅಟ್ಟ ಅಂದೆನಲ್ಲ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಸಿಕ್ಕಿದ ಬಾರ್‌ಗಳು ಬಹಳ ಚೆನ್ನಾಗಿರುತ್ತವೆ. ಮಸಿ ಹಿಡಿದಿರುತ್ತದೆ, ಆದರೆ ಒಣಗಿರುತ್ತವೆ. ಕೊಟ್ಟಿಗೆಯಲ್ಲಿದ್ದದ್ದನ್ನು ಗಂಜಲ ತಿಂದುಹಾಕಿರುತ್ತದೆ. ಕುಲುಮೆಯವರ ಹತ್ತಿರವೂ ವಿಚಾರಿಸಿ. ಉಕ್ಕು ಒಳ್ಳೆಯದು ಅಂತ ಕತ್ತಿ ಹೊಡೆಯಲು ತಂದಿಟ್ಟಿರುತ್ತಾರೆ. ಅಡಿಕೆ ಸುಲಿಯುವ ಒಂದು ಮೆಟ್ಟುಗತ್ತಿಯ ಬೆನ್ನಿನಲ್ಲಿ ಬಾರಿನ ಕಾಲುವೆ ಹಾಗೇ ಉಳಿದದ್ದನ್ನು ನಾನು ಹೊಸನಗರದ ಕಡೆ ನೋಡಿದ್ದೇನೆ. ಅಂದ ಹಾಗೆ ಎಲ್ಲ ಬಾರೂ ಕತ್ತಿಯಾಗುವುದಿಲ್ಲ. ಮೂರು ತಗಡು ಒಂದರ ಮೇಲೊಂದಿಟ್ಟು ಚುಕ್ಕಿ ವೆಲ್ಡಿಂಗ್ ಮಾಡಿದ ಬಾರ್‌ಗಳಿವೆ. ಮೈಮೇಲೆ ದುಂಡು ದುಂಡು ಕಲೆ ಕಾಣುತ್ತದೆ. ಅದನ್ನು ಕಾಯಿಸಿ ಬಡಿದರೆ ಪದರ ಬಿಚ್ಚಿಕೊಂಡು ಬರುತ್ತದೆ. ಒಂದೇ ಗಟ್ಟಿಯಿಂದ ಕೊರೆದು ಮಾಡಿದ್ದು ಮಾತ್ರ ಕುಲುಮೆಗೆ ಆಗುತ್ತದೆ, ಕುಲುಮೆಯವರಿಗೆ ಈ ವ್ಯತ್ಯಾಸ ನಮಗಿಂತ ಮೊದಲೇ ಗೊತ್ತು.

ನಮ್ಮ ಕಡೆಯ ಬಾರ್‌ಗಳ ಬುಡದಲ್ಲಿ ಒಂದು ವಿಶೇಷ ನೋಡಿ. ಹೆಚ್ಚಿನ ತೂತುಗಳು. ಸೀಳನ್ನು ಅರ ಹಾಕಿ ಅಗಲ ಮಾಡಿರುತ್ತಾರೆ, ಇಲ್ಲವೇ ಪಟ್ಟಿ ಸೇರಿಸಿ ಕಿರಿದು ಮಾಡಿರುತ್ತಾರೆ, ಪಕ್ಕದಲ್ಲಿ ಇನ್ನೊಂದು ಎಣ್ಣೆ ತೂತು ಕೊರೆದಿರುತ್ತಾರೆ. ಆ ಯಂತ್ರದ ಬಾರ್ ಸಿಗಲಿಲ್ಲ, ಈ ಯಂತ್ರದ್ದು ಇತ್ತು, ಸಾಗರದಲ್ಲೋ ಸೊರಬದಲ್ಲೋ ಒಬ್ಬ ವೆಲ್ಡಿಂಗ್ ಅಂಗಡಿಯವನು ಎರಡನ್ನೂ ಮದುವೆ ಮಾಡಿಸಿದ. ಹೊರದೇಶದ ಸಂಗ್ರಹಕಾರರು ಇಂಥದ್ದನ್ನು ಕೆಟ್ಟದ್ದು ಅಂತ ಬಿಸಾಕುತ್ತಾರೆ. ನಾನು ಬಿಸಾಕುವುದಿಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಬಾರ್ ಜರ್ಮನಿಯಲ್ಲೂ ಸಿಗುತ್ತದೆ. ಈ ಅಡ್ಡಾದಿಡ್ಡಿ ತೂತು ಇಲ್ಲಿ ಮಾತ್ರ ಸಿಗುತ್ತದೆ.

ಶುಚಿ ಮಾಡುವ ವಿಷಯಕ್ಕೆ ಬರುವ ಮೊದಲು ಒಂದು ತಪ್ಪೊಪ್ಪಿಗೆ. ಆ ಕೊಟ್ಟಿಗೆಯ ಅಗಳಿ ಇದೆಯಲ್ಲ, ಮನೆಗೆ ತಂದ ದಿನವೇ ಗ್ರೈಂಡರ್ ಹಿಡಿದು ಕೂತೆ. ಎರಡು ಗಂಟೆಯಲ್ಲಿ ಬೆಳ್ಳಿ ತಟ್ಟೆಯ ಹಾಗೆ ಹೊಳೆಯಿತು. ಅಕ್ಕಪಕ್ಕದವರು ಬಂದು ನೋಡಿ ಹೋದರು. ವಾರದ ಮೇಲೆ, ಉಜ್ಜುವ ಮೊದಲು ತೆಗೆದಿದ್ದ ಒಂದು ಫೋಟೋ ದೊಡ್ಡದು ಮಾಡಿ ನೋಡಿದರೆ ಬುಡದಲ್ಲಿ ತುಕ್ಕಿನಡಿ ನಾಲ್ಕೈದು ಅಕ್ಷರ, ಒಂದು ಅಂಕಿಯ ಸಾಲು. ಓದಲು ಬರುವಷ್ಟು ಸ್ಪಷ್ಟ ಇಲ್ಲ. ಬಾರಿನ ಮೇಲೆ ಹುಡುಕಿದರೆ ಕನ್ನಡಿ. ನಾನೇ ಅಳಿಸಿದ್ದೆ. ಸಾಲದ್ದಕ್ಕೆ ದಂಡೆಯ ಮೇಲೆ ಅಲ್ಲಲ್ಲಿ ನೀಲಿ ಬಣ್ಣ ಬಂದಿತ್ತು, ಬಿಸಿಗೆ ಉಕ್ಕಿನ ಹದವೂ ಹೋಗಿತ್ತು.

ಅದಕ್ಕೇ ಹೇಳುತ್ತೇನೆ. ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಒಂದು ರಾತ್ರಿ ನೆನೆಯಲು ಬಿಡಿ. ಮರದ ಚಕ್ಕೆಯಿಂದಲೋ ತೆಂಗಿನ ಕರಟದ ಚೂರಿನಿಂದಲೋ ಕೆರೆಯಿರಿ, ಆಮೇಲೆ ಹಿತ್ತಾಳೆ ಬ್ರಷ್. ಕಾಲುವೆಗೆ ಛತ್ರಿಯ ಕಡ್ಡಿ ಚಪ್ಪಟೆ ಮಾಡಿಕೊಂಡರೆ ಸರಿಯಾಗುತ್ತದೆ. ಕಪ್ಪಗಿನ ಗಟ್ಟಿ ತುಕ್ಕು ಉಳಿದರೆ ಉಳಿಯಲಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ, ಅದು ಅಕ್ಷರವನ್ನೂ ತಿನ್ನುತ್ತದೆ, ಹದ ಮಾಡಿದ ಉಕ್ಕನ್ನು ಬಿರುಕೂ ಬಿಡಿಸುತ್ತದೆ. ಬಣ್ಣದ ಹೆಸರು ಚೂರು ಉಳಿದಿದ್ದರೆ ಆ ಜಾಗಕ್ಕೆ ಬ್ರಷ್ ತಾಗಿಸಬೇಡಿ, ಹತ್ತಿಯಲ್ಲಿ ಒರೆಸಿ ಬಿಡಿ. ಕೊನೆಗೆ ಜೇನುಮೇಣ ಬಿಸಿ ಮಾಡಿ ತೆಳುವಾಗಿ ಸವರಿ. ಆಗುಂಬೆ ಕಡೆಯವರು ಎರಡು ಸಲ ಸವರಿ. ಬಾರ್ ನೆಟ್ಟಗಿದೆಯಾ ಅಂತ ನೋಡಲು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮಲಗಿಸಿ, ಕೆಳಗೆ ಬೆಳಕು ತೂರಿದರೆ ಬಾಗಿದೆ ಅಂತ ಅರ್ಥ. ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿ.

ನಕಲಿಯ ಬಗ್ಗೆ ಒಂದು ಮಾತು. ಒಮ್ಮೆ ಊರಾಚೆಯ ಒಬ್ಬರಿಂದ ಅಂಚೆಯಲ್ಲಿ ತರಿಸಿಕೊಂಡೆ, ಫೋಟೋದಲ್ಲಿ ನೋಡಿದರೆ ಅಜ್ಜನ ಕಾಲದ ಬಾರ್. ಬಂದ ಮೇಲೆ ಕೈಗೆ ತುಕ್ಕು ಹತ್ತಿತು, ಅರಿಶಿಣದ ಹಾಗೆ. ಹಳೆಯ ತುಕ್ಕು ಹಾಗೆ ಉದುರುವುದಿಲ್ಲ, ಅದು ಕಪ್ಪಾಗಿ ಮೈಗೆ ಕಚ್ಚಿರುತ್ತದೆ. ಕಾಲುವೆಯೊಳಗೆ ಅಂಟೆಣ್ಣೆಯ ಕುರುಹೇ ಇಲ್ಲ. ದಂಡೆ ಚೂಪು, ಒಂದು ಮರವನ್ನೂ ನೋಡಿದ್ದಲ್ಲ. ಹೊಸ ಬಾರನ್ನು ಉಪ್ಪುನೀರಿನಲ್ಲಿ ಮಲಗಿಸಿ, ಹಳೆಯ ಕಂಪನಿಯ ಹೆಸರು ಬಣ್ಣದಲ್ಲಿ ಬರೆದಿದ್ದರು. ಬುಡದ ಅಳತೆ ತೆಗೆದೆ, ಮೇಲೆ ಬರೆದ ಹೆಸರಿನ ಯಾವ ಯಂತ್ರಕ್ಕೂ ಕೂರುವಂಥದ್ದಲ್ಲ. ಬುಡದ ಫೋಟೋ ಕಳಿಸಿ ಅಂತ ಮೊದಲೇ ಕೇಳಿದ್ದರೆ ದುಡ್ಡು ಉಳಿಯುತ್ತಿತ್ತು. ಈಗ ಆ ಫೋಟೋ ಇಲ್ಲದೆ ಮಾತೇ ಆಡುವುದಿಲ್ಲ.

ಮತ್ತೆ, ಈ ಬಾರ್‌ಗಳನ್ನು ಯಂತ್ರಕ್ಕೆ ಹಾಕಿ ಓಡಿಸಲು ಹೋಗಬೇಡಿ. ಹಿಗ್ಗಿದ ಕಾಲುವೆಯಿಂದ ಚೈನು ಹಾರಿದರೆ ಅದು ನೇರವಾಗಿ ಬರುವುದು ನಿಮ್ಮ ಕಡೆಗೆ. ಗೋಡೆಗೆ ನೇತುಹಾಕಿ, ಸಾಕು.

ಮೊದಲ ಸಾಲಿನಲ್ಲಿ ಕೂತ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಅವರ ಪ್ರಶ್ನೆ ನನಗೆ ಗೊತ್ತು, ಎಲ್ಲಿ ಹೋದರೂ ಬರುತ್ತದೆ. "ಕಾಡು ಕಡಿದ ಆಯುಧ ಕೂಡಿಟ್ಟು ಸಂಭ್ರಮ ಪಡುತ್ತೀರಲ್ಲ, ನಾಚಿಕೆ ಆಗಲ್ವಾ?"

ಆಗುತ್ತದೆ, ಸ್ವಲ್ಪ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಅಂತ ಅದಕ್ಕೆ ಹೆಸರಾಯಿತು. ಅಪ್ಪಿಕೊಂಡವರ ಫೋಟೋ ಎಲ್ಲ ಕಡೆ ಇದೆ, ಇರಲೇಬೇಕು. ಎದುರು ಗರಗಸ, ಕೊಡಲಿ ಹಿಡಿದು ನಿಂತಿದ್ದವರು ಯಾರು? ದಿನಗೂಲಿಯವರು. ಮರ ಅವರದ್ದಲ್ಲ, ಲಾಭ ಅವರದ್ದಲ್ಲ. ಸಂಜೆ ಕಿವಿ ಗುಂಯ್‌ಗುಡುತ್ತಿದ್ದದ್ದು, ಬೆರಳು ಜೋಮು ಹಿಡಿಯುತ್ತಿದ್ದದ್ದು ಮಾತ್ರ ಅವರದ್ದು. ಕಡಿಸಿದವರ ಕಾಗದಪತ್ರ ದಫ್ತರಿನಲ್ಲಿ ಭದ್ರವಾಗಿದೆ. ಕಡಿದವರದ್ದು ಉಳಿದಿರುವುದು ಈ ಗೋಣಿಚೀಲದಲ್ಲಿ. ಇದು ನಿಮ್ಮ ಪ್ರಶ್ನೆಗೆ ಉತ್ತರ ಆಗಲಿಕ್ಕಿಲ್ಲ. ನಾನು ಕೂಡಿಡುವುದಕ್ಕೆ ಕಾರಣ ಮಾತ್ರ ಇದೇ.

(ಮಾತು ಇಲ್ಲಿಗೆ ಮುಗಿದಿತ್ತು. ಚಹಾ ಕುಡಿಯುವ ಹೊತ್ತಿಗೆ ನಡೆದದ್ದನ್ನೂ ಸೇರಿಸುತ್ತೇನೆ.)

ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಹಳೇ ಪೇಪರಿನಲ್ಲಿ ಸುತ್ತಿದ್ದೊಂದನ್ನು ತಂದು ಮೇಜಿನ ಮೇಲಿಟ್ಟರು. ಎರಡಡಿಯ ಬಾರ್, ಗಟ್ಟಿ ಮೂಗು, ನಡುವಿನ ಹೆಸರು ಪೂರ್ತಿ ಹೋಗಿದೆ.

"ಯಜಮಾನ್ರದ್ದು. ಮಗ ಗುಜರಿಗೆ ಹಾಕ್ತೀನಿ ಅಂದ. ನೀವು ಬುಡ ನೋಡ್ಬೇಕು ಅಂದ್ರಲ್ಲ, ನೋಡಿ."

ನೋಡಿದೆ. 12 ಮಿಲಿಮೀಟರ್ ಸೀಳು. 1.6ರ ಡ್ರಿಲ್ ಬಿಟ್ ಅಲ್ಲಾಡದೆ ಇಳಿಯಿತು. ಎರಡೂ ದಂಡೆ ಸಮನಾಗಿ ಸವೆದಿದ್ದವು. ಸೀಳಿನ ಪಕ್ಕದಲ್ಲಿ, ಮುಚ್ಚಳದೊಳಗೆ ಹೋಗುವ ಜಾಗದಲ್ಲಿ, ಮೊಳೆಯಲ್ಲಿ ಚುಚ್ಚಿ ಚುಚ್ಚಿ ಬರೆದ ಚುಕ್ಕಿಗಳ ಸಾಲಿತ್ತು. ದೀಪದ ಕೆಳಗೆ ಓರೆ ಹಿಡಿದಾಗ ಕನ್ನಡದ ಮೂರು ಅಕ್ಷರ ಎದ್ದು ಬಂತು.

"ಇದು ಅವರ ಹೆಸರಾ ಅಮ್ಮ?"

ಅವರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ಬೆರಳಿಟ್ಟು ಒಂದೊಂದೇ ಚುಕ್ಕಿ ಮುಟ್ಟುತ್ತ ಹೋದರು.

"ಅಲ್ಲಪ್ಪ," ಅಂದರು. "ನಂದು."

ಎಷ್ಟಕ್ಕೆ ಕೊಡುತ್ತೀರಿ ಅಂತ ನಾನು ಕೇಳಲಿಲ್ಲ. ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಅದೇ ಪೇಪರಿನಲ್ಲಿ ಸುತ್ತಿ ವಾಪಸು ಕೊಟ್ಟೆ. ಜೇನುಮೇಣದ ಡಬ್ಬಿಯಲ್ಲಿ ಸ್ವಲ್ಪ ಉಳಿದಿತ್ತು, ಅದನ್ನೂ ಕೊಟ್ಟೆ.